ಅಂಡಮಾನಿಗಿಂತ ಮೊದಲು ನೇತ್ರಾಣಿಗೆ

ಮುಚ್ಚಿಗೆಯ ತೊಂಬತ್ತಾರನೆಯ ವರ್ಷ, ಎಂಟನೆಯ ಋತುವಿನ ಹನ್ನೊಂದನೆಯ ದಿನ
(ನಿಮ್ಮ ಲೆಕ್ಕದಲ್ಲಿ 2231ರ ಸುಮಾರು)
ದಂಡೆಗೋಡೆ, ಮುರುಡೇಶ್ವರ ಭಾಗ

ಧಾರವಾಡದ ಶ್ರೀಮತಿ ಅಕ್ಷತಾ ಗುಡಗೇರಿ ಅವರಿಗೆ ದುರ್ಗಮ್ಮ ಜಟ್ಟಪ್ಪ ಮೊಗೇರಳ ನಮಸ್ಕಾರಗಳು.

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಹಳೆಯ ಮದುವೆ ಕರೆಯೋಲೆ, ಔಷಧಿ ಚೀಟಿ, ಪರೀಕ್ಷೆಯ ಉತ್ತರಪತ್ರಿಕೆಗಳಿಂದ. ಎಲ್ಲೋ ಒಂದು ಕಡೆ 'ತಮ್ಮ ಆಗಮನಾಭಿಲಾಷಿ' ಎಂದು ಬಂದುಬಿಟ್ಟರೆ ನಗಬೇಡಿ. ನಮ್ಮಲ್ಲಿ ಕೈಯಿಂದ ಬರೆಯುವ ರೂಢಿ ತಪ್ಪಿ ನಾಲ್ಕು ತಲೆಮಾರಾಯಿತು. ಹಳೆಯ ಕೈಬರಹವನ್ನು ಓದಬಲ್ಲವರು ಈ ದಂಡೆಯಲ್ಲಿ ನಾನೊಬ್ಬಳೇ. ಅದೇ ನನ್ನ ಉದ್ಯೋಗ. ಓದುಗಿತ್ತಿ ಎಂದು ಅದರ ಹೆಸರು. ಈಗ ನಿಮ್ಮ ಕೈಯಲ್ಲಿರುವ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಪ್ರತಿಯೊಬ್ಬರಿಗೂ ಜನ್ಮಕ್ಕೆ ಒಂದು ಬಾರಿ, ತಮಗಿಂತ ಹಿಂದೆ ಬದುಕಿದ್ದ ಒಬ್ಬರಿಗೆ ಪತ್ರ ಬರೆಯುವ ಅವಕಾಶವಿದೆ. ತಲುಪಲು ಒಂಬತ್ತು ದಿನ ಬೇಕೆಂದು ಕಚೇರಿಯವರು ಹೇಳುತ್ತಾರೆ. ಹಿಂದಕ್ಕೆ ಹೋಗುವ ಪತ್ರಕ್ಕೆ ಒಂಬತ್ತು ದಿನವೇಕೆ ಎಂದು ಕೇಳಿದರೆ ಕಚೇರಿಯವರು ಕಿಟಕಿ ಮುಚ್ಚುತ್ತಾರೆ. ಯಾರಿಗೂ ಉತ್ತರ ಬಂದದ್ದನ್ನು ನಾನು ಕೇಳಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಬೇರೆ ದಾರಿ ಉಳಿದಿಲ್ಲ.

ವಿಷಯ ನಿಮ್ಮ ರಜೆಯದು. ಅಕ್ಟೋಬರ್ ಹನ್ನೆರಡರಂದು ನೀವೂ ನಿಮ್ಮ ಯಜಮಾನರಾದ ಬಸವಪ್ರಭು ಅವರೂ ಕೂತು, ಸ್ಕೂಬಾ ಡೈವಿಂಗಿಗೆ ಯಾವ ಕಡಲಿಗೆ ಹೋಗುವುದು ಎಂದು ಒಂದು ಪಟ್ಟಿ ಮಾಡಿದ್ದೀರಿ. ಆ ಪಟ್ಟಿ ನನ್ನ ಮುಂದಿದೆ. ಅಂಡಮಾನ್: 'ನೀರು ಗಾಜಿನಂಗ, ಆಮೆ ಗ್ಯಾರಂಟಿ.' ಲಕ್ಷದ್ವೀಪ: 'ಚಂದ ಐತಿ, ಆದ್ರ ಪರ್ಮಿಟ್ ತಲಿನೋವು.' ನೇತ್ರಾಣಿ: 'ಹತ್ತರ. ಒಂದು ದಿನ ಸಾಕು.' ಇದರ ಪಕ್ಕದಲ್ಲಿ ಬಸವಪ್ರಭು ಅವರು ಬೇರೆ ಶಾಯಿಯಲ್ಲಿ ಬರೆದಿದ್ದಾರೆ: 'ಅಂಡಮಾನಿಗೇ ಹೋಗೂಣು. ನೇತ್ರಾಣಿ ಎಲ್ಲಿಗೂ ಓಡಿ ಹೋಗೂದಿಲ್ಲ, ಯಾವಾಗರೆ ನೋಡಿದ್ರಾತು.' ಈ ಓಲೆ ನಿಮಗೆ ಅದೇ ದಿನ ಸಿಗಲಿ ಎಂದು ಕೋರಿದ್ದೇನೆ. ಆ ವಾಕ್ಯದ ಶಾಯಿ ಇನ್ನೂ ಹಸಿಯಾಗಿರಬೇಕು. ದಯವಿಟ್ಟು ಅದನ್ನು ಹೊಡೆದುಹಾಕಿ.

ನಮ್ಮ ಸ್ಥಿತಿಯನ್ನು ಸ್ವಲ್ಪ ಹೇಳದಿದ್ದರೆ ಇದು ನಿಮಗೆ ಅರ್ಥವಾಗದು. ನಾವು ಇರುವುದು ಗೋಡೆಯೊಳಗೆ. ಕಡಲು ಮೇಲೇರದಂತೆ ಕಟ್ಟಿದ ದಂಡೆಗೋಡೆಯ ದಪ್ಪದಲ್ಲೇ ಕೋಣೆಗಳನ್ನು ಕೊರೆದು ಕಡಲಿನವರಿಗೆ ಹಂಚಿದ್ದಾರೆ. ನನ್ನ ಕೋಣೆ ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಕಾಲು ಪೂರ್ತಿ ಚಾಚಿ ಮಲಗಬೇಕಾದರೆ ಒಲೆಯನ್ನು ಹೊರಗಿಡಬೇಕು. ಬೆನ್ನ ಹಿಂದೆ ನೆಲದವರ ಊರು. ಆ ಕಡೆಯ ಬಾಗಿಲು ಸಾಮಾನಿಗೆ ತೆರೆಯುತ್ತದೆ, ನಮಗೆ ತೆರೆಯುವುದಿಲ್ಲ. ಮುಂದೆ ಕಡಲು. ಅದರ ಮೇಲೆ ಮುಚ್ಚಿಗೆ. ಮುಚ್ಚಿಗೆ ಎಂದರೆ ಬಿಸಿಲು ಹಿಡಿದು ವಿದ್ಯುತ್ತು ಮಾಡುವ ಕಪ್ಪು ಹಲಗೆಗಳು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಡಲನ್ನೇ ಮುಚ್ಚಿಬಿಟ್ಟಿವೆ. ಉತ್ತರದಿಂದ ಕಾರವಾರ ದಾಟಿ, ದಕ್ಷಿಣದಿಂದ ಬೈಂದೂರು ದಾಟಿ ನಮ್ಮ ಹತ್ತಿರ ಬಂದು ನಿಂತಿದೆ. ನಡುವೆ ಉಳಿದಿರುವ ತೆರೆದ ನೀರು ನೇತ್ರಾಣಿ ದ್ವೀಪದ ಸುತ್ತಲಿನದು ಮಾತ್ರ. ಅಲ್ಲಿಗೂ ನಾವು ನಡುಹಗ್ಗ ಕಟ್ಟಿಕೊಂಡೇ ಇಳಿಯಬೇಕು. ಹಗ್ಗದ ಒಂದು ತುದಿ ಸೊಂಟದಲ್ಲಿ, ಇನ್ನೊಂದು ತುದಿ ಕಾವಲು ದೋಣಿಯಲ್ಲಿ. ಹದಿನೈದು ನಿಮಿಷಕ್ಕೆ ಎಳೆದುಕೊಳ್ಳುತ್ತಾರೆ. ನೋಡುತ್ತಿದ್ದ ಮೀನು ಅರ್ಧಕ್ಕೇ ಕಣ್ಣಿನಿಂದ ಜಾರುತ್ತದೆ. ನೀವು ಹಗ್ಗವಿಲ್ಲದೆ ಇಳಿಯುತ್ತಿದ್ದಿರಿ ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ. ಹೊಟ್ಟೆಕಿಚ್ಚು, ಮತ್ತೇನೂ ಅಲ್ಲ.

ಯಾವ ನೀರನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಕಡಲ ಮಂಡಳಿ. ಮುಚ್ಚಿಗೆ ಬರುವ ಮುಂಚಿನ ಕಾಲದಲ್ಲಿ ಅಲ್ಲಿ ಹವಳ, ಮೀನು, ಆಮೆ ಇದ್ದವೆಂದು ತೋರಿಸಿದರೆ ಅದು 'ಜೀವಕಡಲು'; ತೋರಿಸಲಾಗದಿದ್ದರೆ 'ಬರಿನೀರು'. ನಿಮ್ಮ ಕಾಲದ ಫೋಟೊ, ವಿಡಿಯೊಗಳನ್ನು ಮಂಡಳಿ ಒಪ್ಪುವುದಿಲ್ಲ. ಯಾವುದು ಕಂಡದ್ದು, ಯಾವುದು ಯಂತ್ರ ಕಟ್ಟಿದ್ದು ಎಂದು ಹೇಳುವವರು ಯಾರೂ ಉಳಿದಿಲ್ಲ. ಅದು ಒಪ್ಪುವುದು ಡೈವರ್‌ಗಳ ಲಾಗ್‌ಬುಕ್ ಒಂದನ್ನೇ. ಕೈಯಿಂದ ಬರೆದಿರಬೇಕು, ಕೆಳಗೆ ಜೊತೆಗಾರನ ಸಹಿ ಇರಬೇಕು, ಮನುಷ್ಯರೊಬ್ಬರು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಅಂಡಮಾನಿನವರು ಇಂಥ ಪುಸ್ತಕಗಳನ್ನು ಪೆಟ್ಟಿಗೆಗಟ್ಟಲೆ ತಂದು ಸುರಿದರು. ಲಕ್ಷದ್ವೀಪದ್ದು ಅಷ್ಟಿಲ್ಲ, ಆದರೂ ಸಾಕಾಯಿತು. ಅವರ ನೀರು ತೆರೆದಿದೆ. ನಮ್ಮ ಪಾಲಿಗೆ ಹತ್ತೊಂಬತ್ತು ವರ್ಷ ಹುಡುಕಿದ ಮೇಲೆ ಸಿಕ್ಕಿದ್ದು ಒಂದೇ ಪುಸ್ತಕ. ಅದು ನಿಮ್ಮದು. ಸಾಮಾನಿನ ಬಾಗಿಲಿನಿಂದ, ಹಳೆಯ ಬಟ್ಟೆಯ ಗಂಟಿನೊಳಗೆ ಬಂತು. ಪಟ್ಟಿಯೂ ಅದರೊಳಗೇ ಮಡಿಸಿಟ್ಟಿತ್ತು. ಮಂಡಳಿಯ ಸಭೆ ಇನ್ನು ಹತ್ತು ದಿನಕ್ಕೆ.

ಮುಖಪುಟದ ಹಿಂದೆ ನೇತ್ರಾಣಿ ಎಂಬ ಹೆಸರನ್ನು ಕಂಡೊಡನೆ ನಾನು ತಡೆಯಲಾರದೆ ಎಲ್ಲರಿಗೂ ಹೇಳಿಬಿಟ್ಟೆ. ಪೂರ್ತಿ ಓದುವ ಮೊದಲೇ ಹೇಳಿಬಿಟ್ಟೆ. ನನ್ನ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಮಾಡಿದ ಮೊದಲ ತಪ್ಪು ಅದು. ಗೋಡೆಯ ಉದ್ದಕ್ಕೂ ಜನ ಪಾತ್ರೆ ಬಡಿದರು, ಅಂದೇ ಪುಸ್ತಕವನ್ನು ನಮ್ಮ ಸಾಕ್ಷಿಯೆಂದು ಮಂಡಳಿಯಲ್ಲಿ ದಾಖಲಿಸಿ ಬಂದರು. ಆಮೇಲೆ ಕೋಣೆಗೆ ಬಂದು ನಿಧಾನವಾಗಿ ಓದಿದೆ. ಡಿಸೆಂಬರಿನಲ್ಲಿ ಅಂಡಮಾನಿನ ಹತ್ತು ಇಳಿತ, ಹತ್ತು ಪುಟ. ಆಹಾ, ಎಷ್ಟು ಚೆನ್ನಾಗಿ ಬರೆದಿದ್ದೀರಿ! ಆಮೆಯ ಬೆನ್ನಿನ ಮೇಲಿನ ಪಾಚಿಯನ್ನೂ ಬಿಟ್ಟಿಲ್ಲ. ಗಿಳಿಮೀನು ಹವಳ ಕಡಿಯುವ ಸದ್ದು ಕಡಲೆ ಅಗಿದಂತೆ ಕೇಳಿಸಿತು ಎಂದು ಬರೆದಿದ್ದೀರಿ. ಹನ್ನೊಂದನೆಯ ಪುಟ ನೇತ್ರಾಣಿಯದು. ಜನವರಿ ಇಪ್ಪತ್ತಾರರ ರಜೆಯ ದಿನ, ಹನ್ನೊಂದು ಮೀಟರ್ ಆಳ, ಮೂವತ್ತೆಂಟು ನಿಮಿಷ. ಕೆಳಗೆ ಹೀಗಿದೆ: 'ನೀರು ಮಬ್ಬು. ಅಂಡಮಾನ್ ಮುಂದ ಏನೂ ಅಲ್ಲ. ವಿಶೇಷ ಏನೂ ಕಾಣಲಿಲ್ಲ. ದಂಡಿಗೆ ಬಂದು ತಿಂದ ಬಂಗುಡಿ ಫ್ರೈ ಸೂಪರ್.' ಅದರ ಕೆಳಗೆ ಬಸವಪ್ರಭು ಅವರ ಸಹಿ, ಜೊತೆಗೊಂದು ನಗುವ ಮುಖ.

ನನಗೆ ನಿಮ್ಮ ಮೇಲೆ ಬಂದ ಸಿಟ್ಟನ್ನು ಈಗ ಮುಚ್ಚಿಡುವುದಿಲ್ಲ. ಮೂವತ್ತೆಂಟು ನಿಮಿಷ, ತಾಯೀ! ನನಗೆ ಒಮ್ಮೆಗೆ ಸಿಗುವುದು ಹದಿನೈದು. ಆ ಮಬ್ಬಿನಲ್ಲೇ ನಾನು ಬಂಡೆಯ ಸಂದಿಯಿಂದ ಬಾಯಿ ತೆರೆದು ಮುಚ್ಚುವ ಹಾವುಮೀನನ್ನು ಕಂಡಿದ್ದೇನೆ. ಕಂಬಳಿಯಷ್ಟು ಅಗಲದ ಹವಳದಡಿಯಲ್ಲಿ ಮುರು ಮೀನು ಕದಲದೆ ಕೂತು ನನ್ನನ್ನೇ ಗುರಾಯಿಸಿದ್ದನ್ನು ಕಂಡಿದ್ದೇನೆ. ನಿಮ್ಮ ಕಾಲದಲ್ಲಿ ಇವು ಇದಕ್ಕಿಂತ ನೂರು ಪಟ್ಟು ಇದ್ದಿರಬೇಕು. ನೀವು ಸುಳ್ಳು ಹೇಳಿದಿರಿ ಎನ್ನಲಾರೆ. ಹೋಳಿಗೆ ತಿಂದ ಬಾಯಿಗೆ ಚಹಾ ಸಪ್ಪೆಯಾಗುತ್ತದೆ. ಹತ್ತು ಸಲ ಗಾಜಿನ ನೀರು ನೋಡಿದ ಕಣ್ಣಿಗೆ ನಮ್ಮದು ಹಿಡಿಸಲಿಲ್ಲ, ಅಷ್ಟೇ. ಹಸಿವೂ ಆಗಿತ್ತೇನೋ. ಆದರೆ ಆ ನಾಲ್ಕು ವಾಕ್ಯಗಳನ್ನು ಸಭೆಯಲ್ಲಿ ಓದಿದರೆ ನಮ್ಮ ಕಡಲು ಬರಿನೀರು ಎಂದು ನಿಮ್ಮ ಸಾಕ್ಷಿಯಿಂದಲೇ ರುಜುವಾತಾಗುತ್ತದೆ. ಪುಸ್ತಕವೇ ಸಿಗದಿದ್ದರೆ ಇನ್ನಷ್ಟು ವರ್ಷ ಹುಡುಕುತ್ತಿದ್ದೆವು. ಒಮ್ಮೆ ಸಲ್ಲಿಸಿದ ಸಾಕ್ಷಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ.

ಇದರಲ್ಲಿ ಏನು ಬರೆದಿದೆ ಎಂದು ಇವತ್ತಿನವರೆಗೆ ಗೊತ್ತಿರುವುದು ನನಗೊಬ್ಬಳಿಗೆ. ಮನೆಗೆ ಬಂದಿರುವ ನನ್ನ ಅಕ್ಕ ಸೀತಕ್ಕನಿಗೂ ಹೇಳಿಲ್ಲ. ಅವಳದು ಕೆಳಕೆಲಸ. ಮುಚ್ಚಿಗೆಯ ಹಲಗೆಗಳ ಅಡಿಯಲ್ಲಿ ಮಲಗಿದಂತೆ ತೇಲುತ್ತಾ ಅಂಟಿದ ಚಿಪ್ಪನ್ನು ಕೆರೆಯುವುದು. ಮೇಲೆ ಹಲಗೆ, ಕೆಳಗೆ ಕತ್ತಲ ನೀರು, ಮುಖ ಎತ್ತಲು ಒಂದು ಮೊಳ ಜಾಗ. ಹದಿನೇಳು ವರ್ಷದಿಂದ ಅದೇ. ವರ್ಷಕ್ಕೆ ಎಂಟು ದಿನ ರಜೆ; ಈ ಸಲ ಸಭೆಗೆಂದು ಇನ್ನೂ ಎಂಟು ಬೇಡಿಕೊಂಡು ಬಂದಿದ್ದಾಳೆ. ಈಗಲೂ ಬೆನ್ನು ನೆಟ್ಟಗೆ ಮಾಡಿ ನಿಲ್ಲುವಾಗ ತಲೆಗೆ ಏನೋ ತಾಗೀತು ಎಂಬಂತೆ ಕೈ ಅಡ್ಡ ಹಿಡಿಯುತ್ತಾಳೆ. ನಮ್ಮ ನೀರು ಜೀವಕಡಲು ಎಂದಾದರೆ ಇಲ್ಲಿಯವರನ್ನೆಲ್ಲ ಕೆಳಕೆಲಸದಿಂದ ವಾಪಸು ಕಳಿಸಬೇಕೆಂದು ಕಾನೂನಿದೆ. ಬರಿನೀರು ಎಂದಾದರೆ ಅವಳ ಜೊತೆಗೆ ನಾವೆಲ್ಲರೂ ಹಲಗೆಗಳ ಅಡಿಗೆ ಹೋಗಬೇಕು. ದಿನಾ ಬೆಳಿಗ್ಗೆ ಬಿಸಿ ಗಂಜಿ ತಂದು ಮುಂದಿಡುತ್ತಾಳೆ. "ಗಂಟಲು ಹಾಳು ಮಾಡ್ಕಬೇಡ ಮಾರಾಯ್ತಿ. ಆ ದಿನ ಜೋರಾಗಿ ಓದೂಕೆ ಬೇಕು, ಗೋಡೆ ಆಚಿಗೂ ಕೇಳ್ಬೇಕು," ಅನ್ನುತ್ತಾಳೆ. ನಿನ್ನೆ ಮೆಲ್ಲನೆ ಕೇಳಿದಳು, "ಆ ಧಾರವಾಡದ ಅಮ್ಮ ಎಂತೆಂತ ಕಂಡಳಂತೆ? ಒಂದಾದ್ರೂ ಹೇಳೇ." ನಾನು ಗಂಜಿಯ ಬಟ್ಟಲನ್ನು ಕೆಳಗಿಟ್ಟೆ. "ಸಭೆಗೆ ಮೊದ್ಲು ಹೇಳೂಕೆ ಆಗೂದಿಲ್ಲ ಅಕ್ಕ," ಎಂದೆ. ಅವಳು ನಕ್ಕು ತಲೆ ನೇವರಿಸಿದಳು. ಆ ಕೈ ನೆನಪಾದರೆ ಈಗಲೂ ಅಳು ಬರುತ್ತದೆ.

ಆದುದರಿಂದ ನನ್ನ ಪ್ರವಾಸದ ಸಲಹೆಯನ್ನು ಕೇಳಿ. ಅಂಡಮಾನಿಗೆ ಹೋಗಬೇಡಿ ಎನ್ನಲು ನನಗೆ ಬಾಯಿ ಬಾರದು. ಆ ಆಮೆಗಳನ್ನು ನಿಮ್ಮಿಂದ ಕಸಿಯಲಾರೆ. ಮೊದಲು ನಮ್ಮಲ್ಲಿಗೆ ಬನ್ನಿ, ಅಷ್ಟೇ. ನವೆಂಬರ್ ಕಳೆದ ಮೇಲೆ, ಮಳೆಯ ಕೆಸರು ತಳಕ್ಕೆ ಕೂತಿರುವಾಗ ಬನ್ನಿ. ಒಂದು ದಿನ ಸಾಲದು, ನಾಲ್ಕು ದಿನ ಇರಿ. ಮೊದಲ ದಿನ ಏನೂ ಕಾಣುವುದಿಲ್ಲ, ಬೇಸರಪಡಬೇಡಿ. ಮಬ್ಬು ನೀರಿನಲ್ಲಿ ದೂರ ನೋಡುವವರಿಗೆ ಏನೂ ಸಿಗದು. ಬಂಡೆಗೆ ಮುಖ ಹತ್ತಿರ ಇಟ್ಟು, ಕೈಕಾಲು ಬಡಿಯದೆ, ಉಸಿರು ನಿಧಾನಕ್ಕೆ ಬಿಡುತ್ತಾ ಕಾಯಿರಿ. ದೋಣಿಗೆ ಹತ್ತಿದ ಕೂಡಲೇ, ಊಟಕ್ಕೆ ಮೊದಲು, ಪುಸ್ತಕ ತೆಗೆದು ಕಂಡದ್ದನ್ನೆಲ್ಲ ಬರೆಯಿರಿ. ಬಸವಪ್ರಭು ಅವರಿಂದ ಸಹಿ ಹಾಕಿಸಿ. ಹಾಗೆ ಮಾಡಿದರೆ ಆಮೇಲೆ ಎಷ್ಟು ಬಂಗುಡೆ ತಿಂದರೂ ನನ್ನ ಅಭ್ಯಂತರವಿಲ್ಲ.

ಈ ಓಲೆ ನಿಮಗೆ ತಲುಪಿದ್ದರೆ ಹನ್ನೊಂದನೆಯ ಪುಟ ಈಗಾಗಲೇ ಬದಲಾಗಿರಬೇಕಿತ್ತು, ಹಾಗೆ ಬದಲಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ ಎಂಬುದು ನನಗೂ ಹೊಳೆದಿದೆ. ಅದನ್ನು ಹೆಚ್ಚು ಯೋಚಿಸದೆ ಕೈ ಓಡಿಸುತ್ತಿದ್ದೇನೆ. ಒಂದು ಸಾಲು ಬರೆಯುವುದು, ಪುಸ್ತಕ ತೆರೆದು ನೋಡುವುದು. ಈಗ ತಾನೇ ನೋಡಿದೆ. ನಗುವ ಮುಖ ಅಲ್ಲೇ ಇದೆ.

ನಾನು ಓದುವಾಗ ಒಂದಕ್ಷರ ತಪ್ಪಿಸಿದವಳಲ್ಲ. ಅಪ್ಪನ ದೋಣಿ ಕೈಬಿಟ್ಟು ಹೋಗುವ ಕಾಗದವನ್ನೂ, ಅಪ್ಪ ಎದುರಿಗೆ ಕೂತಿರುವಾಗ, ಇದ್ದಂತೆಯೇ ಓದಿದವಳು. ಓದುಗಿತ್ತಿ ಸುಳ್ಳು ಓದಿದಳೆಂದು ಸಿಕ್ಕಿಬಿದ್ದರೆ ಅವಳನ್ನು ಸಾಯುವವರೆಗೆ ಮುಚ್ಚಿಗೆಯ ಅಡಿಗೆ ಹಾಕುತ್ತಾರೆ. ಅವಳು ಹಿಂದೆ ಓದಿದ್ದೆಲ್ಲವೂ ರದ್ದಾಗುತ್ತದೆ. ನನ್ನ ಓದನ್ನು ನಂಬಿ ಮನೆ, ಮಗು, ಹೆಸರು ಉಳಿಸಿಕೊಂಡವರು ಈ ಗೋಡೆಯಲ್ಲಿ ನೂರಾರು ಜನರಿದ್ದಾರೆ. ಪೂರ್ವದ ದಂಡೆಯಲ್ಲಿ ಇನ್ನೊಬ್ಬ ಓದುಗನಿದ್ದಾನಂತೆ. ಸಂಶಯ ಬಂದರೆ ಅವನನ್ನು ಕರೆಸುತ್ತಾರೆ. ಬಂದೇ ಬರುತ್ತಾನೆಂದೇನೂ ಇಲ್ಲ. ನನಗೆ ಹೆದರಿಕೆಯಾಗುತ್ತಿದೆ, ಅಕ್ಷತಾ ಅವರೇ. ಇದನ್ನು ನಾನು ಹೇಳಿಕೊಳ್ಳಬಹುದಾದ ಒಬ್ಬರೇ ಒಬ್ಬರು ನೀವು. ನಿಮಗೆ ನಾನು ಹುಟ್ಟಿಯೇ ಇಲ್ಲ.

ಹತ್ತನೆಯ ದಿನ ಬೆಳಿಗ್ಗೆ ಮತ್ತೊಮ್ಮೆ ಪುಟ ತೆರೆಯುತ್ತೇನೆ. ಅಲ್ಲಿ ಹೊಸ ಸಾಲುಗಳಿದ್ದರೆ ನಿಮ್ಮ ಕಾಲಿಗೆ ಬಿದ್ದೆನೆಂದು ತಿಳಿಯಿರಿ. ಇಲ್ಲದಿದ್ದರೆ ಒಂದು ಕ್ಷಮೆಯನ್ನು ಮುಂಗಡವಾಗಿ ಕೊಟ್ಟಿರಿ. ಸಭೆಯಲ್ಲಿ ಅದೇ ಹನ್ನೊಂದನೆಯ ಪುಟ ಹಿಡಿದು ಎದ್ದು ನಿಂತು, ಮುಂದಿನ ಸಾಲಿನಲ್ಲಿ ಕೂತ ಅಕ್ಕನ ಮುಖ ನೋಡದೆ, ಗೋಡೆ ಆಚೆಗೂ ಕೇಳುವ ಹಾಗೆ, ನಿಮ್ಮ ಹೆಸರಿನಲ್ಲಿ ನಾನು ಆಮೆ ನೋಡುತ್ತೇನೆ.

ನಿಮಗಿಂತ ಬಹಳ ಮುಂದೆ, ಇದ್ದಲ್ಲೇ ಇರುವ,
ದುರ್ಗಮ್ಮ