ಆ ಸಾಲಿನ ತಕರಾರು

ಹಣಮೇಶ,

ಇವತ್ತು ಶಹಾಪುರದಲ್ಲಿ ಎಂ.ಎಸ್ಸಿ. ಹುಡುಗರಿಗೆ ನಮ್ಮ ಲೇಖನವನ್ನೇ ಪಾಠ ಮಾಡಿದೆ. ಬೀಜಗಣಿತದ ರಿಂಗಿನ ಸ್ಪೆಕ್ಟ್ರಮ್ಮಿನ ಎಲ್ಲ ಬಿಂದುಗಳಲ್ಲೂ ಸೊನ್ನೆಯಾಗುವ ಅಂಶವನ್ನು ಅದರಿಂದಲೇ ಗುಣಿಸುತ್ತ ಹೋದರೆ ಎಂದೋ ಒಮ್ಮೆ ಸೊನ್ನೆ ಬರುತ್ತದೆ; ಇದನ್ನು ಮಾಡೆಲ್ ಥಿಯರಿಯ ತರ್ಕಭಾಷೆಯ ಒಂದೇ ಸೂತ್ರದಲ್ಲಿ ಹೇಳಬಹುದು ಅಂದೆ. ದುರ್ಗಾ ಎಂಬ ಹುಡುಗಿ ಎದ್ದು ನಿಂತಳು.

“ಎಷ್ಟು ಸಲ ಗುಣಸಬೇಕಂತ ಗೊತ್ತಿಲ್ದ ಒಂದ ಸೂತ್ರದಾಗ ಹೆಂಗ ಹೇಳ್ತೀರಿ ಸರ್?”

ಹೇಳಲಾಗುವುದಿಲ್ಲ. ನಮ್ಮ ಪ್ರಮೇಯ ಅಲ್ಲಿಗೇ ಬಿತ್ತು.

ದವಾಖಾನೆಯಲ್ಲಿ ನೀನು ಕೇಳಿದ್ದೂ ಇದನ್ನೇ. “ಆಮ್ಯಾಗ ನೋಡೂಣು, ಈಗ ಮಲಕೋ” ಅಂದಿದ್ದೆ ನಾನು. ನಾನು ಬರೆಯುವುದು, ನೀನು ತಕರಾರು ತೆಗೆಯುವುದು, ನೀನು ಅಂಚಿನಲ್ಲಿ ‘ಆತು’ ಎಂದು ಬರೆಯುವ ತನಕ ಮುಂದಿನ ಸಾಲಿಗೆ ಹೋಗದಿರುವುದು. ಇದು ಸುರಪುರದ ರೂಮಿನಲ್ಲಿ ನಾವಿಬ್ಬರೂ ಹಾಕಿಕೊಂಡ ನಿಯಮವಾಗಿತ್ತು. ನೀನು ತೀರಿಕೊಂಡ ಮೇಲೆ, ನಿನ್ನ ಹೆಸರು ಅಚ್ಚಿನಲ್ಲಿ ಬರಲೆಂಬ ಹಟಕ್ಕೆ ಬಿದ್ದು, ಆ ‘ಆತು’ ನಾನೇ ಬರೆದುಕೊಂಡು ಲೇಖನ ಕಳಿಸಿಬಿಟ್ಟೆ.

ಕಾಲೇಜಿನಿಂದ ನೇರ ನಿಮ್ಮ ಮನೆಗೆ ಹೋದೆ. ಲೇಖನದ ಮೊದಲ ಪುಟಕ್ಕೆ ಫ್ರೇಮ್ ಹಾಕಿಸಿ ನಿನ್ನ ಫೋಟೋದ ಪಕ್ಕ ತೂಗುಹಾಕಿದ್ದಾರೆ. ತಪ್ಪಾಗಿದೆ ಎಂದು ಹೇಳಲೆಂದೇ ಹೋಗಿದ್ದೆ. ನಿಮ್ಮವ್ವ ಸೆರಗಿನಿಂದ ಗಾಜು ಒರೆಸಿದರು.

“ನನ್ನ ಮಗ ಏನ ಬರದಾನ, ಕನ್ನಡದಾಗ ಓದಿ ಹೇಳಪ್ಪ.”

ಓದಿದೆ. ಒಂದೇ ಸೂತ್ರದ ಆ ಸಾಲು ಬಂದಾಗ ಅದನ್ನು ಬಿಟ್ಟು ಮುಂದಿನದನ್ನು ಓದಿದೆ.

ನಿನ್ನನ್ನು ಕೇಳದೆ ಮುಂದಕ್ಕೆ ಹೋದದ್ದು ಇದು ಎರಡನೆಯ ಸಲ.