ನಾನು ಬರೆದ ಕಿಟಕಿ

ಅಕ್ಕಾ,
ನಾನು ಚೆನ್ನಾಗಿದ್ದೇನೆ. ಅಮ್ಮನಿಗೆ ಇಷ್ಟನ್ನೇ ಓದಿ ಹೇಳು, ಮುಂದಿನದ್ದು ನಿನಗೆ.

ಇಲ್ಲಿ ಹಳೇ ಗೋದಾಮಿನೊಳಗೆ ಅಡ್ಡಗೋಡೆ ಎಬ್ಬಿಸಿ ಬೆಂಕಿಪೊಟ್ಟಣದಂಥ ಮನೆಗಳನ್ನು ಮಾಡಿದ್ದಾರೆ. ಬೀದಿ ಕಡೆಯ ಗೋಡೆಗೆ ಒಂದು ಕಿಟಕಿಯೂ ಇಲ್ಲ. "ಮನೆ ಮುಖ ಬೋಳುಬೋಳಾಗಿದೆ. ಬಣ್ಣದಲ್ಲೇ ಕಿಟಕಿ ಬರೆದುಬಿಡು, ಗೋಡೆ ಒಡೆಯೋ ಖರ್ಚು ಉಳಿಯುತ್ತೆ" ಎಂದ, ಬಣ್ಣ ಬಳಿಯಲು ನನ್ನನ್ನು ಇಟ್ಟುಕೊಂಡಿರುವ ಮಾಲೀಕ. ಮಹಡಿಯ ಎತ್ತರದಲ್ಲಿ ಒಂದು ಬರೆದೆ. ಗಾಜು, ಪರದೆ, ಹೂಕುಂಡ, ಕುಂಡದ ನೆರಳು ಸಮೇತ. ಗುಬ್ಬಚ್ಚಿಗಳು ಅದರ ಮೇಲೆ ಕೂರಲು ಹೋಗಿ ಜಾರುತ್ತಿದ್ದವು. ನನಗೆ ಹೆಮ್ಮೆಯೋ ಹೆಮ್ಮೆ.

ಮೊನ್ನೆ ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ ಬೆಂಕಿ ಹತ್ತಿತು. ಮಹಡಿಯಲ್ಲಿ ಟೈಲರ್ ಮಾಮ ಒಬ್ಬನೇ ಇದ್ದ. ಕಾಸು ಕೇಳದೆ ನನ್ನ ಅಂಗಿಗೆ ಗುಂಡಿ ಹಾಕಿಕೊಟ್ಟವನು. ಬೆಂಕಿ ಆರಿಸುವವರು ಓಡಿ ಬಂದು, ಆ ಹೊಗೆಯಲ್ಲಿ ಏಣಿಯನ್ನು ನೇರ ನನ್ನ ಕಿಟಕಿಗೇ ಒರಗಿಸಿದರು. "ಅಯ್ಯೋ, ಅದು ಬರೀ ಬಣ್ಣ ಕಣ್ರೋ!" ಎಂದು ಅರಚಿದೆ. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಏಣಿ ಹತ್ತಿದವನು ಗಾಜು ಒಡೆಯಲೆಂದು ಕೊಡಲಿ ಬೀಸಿದ. ಹಾರಿದ್ದು ಇಟ್ಟಿಗೆಯ ಚೂರು. ಅವರು ಬೇರೆ ದಾರಿ ಹುಡುಕಿಕೊಂಡು ಒಳಗೆ ಹೋಗುವಷ್ಟರಲ್ಲಿ ಮಾಮನ ಉಸಿರು ನಿಂತಿತ್ತು.

ನನಗೆ ಸ್ವಲ್ಪ ಕೆಮ್ಮು, ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ಭಾವನಿಗೆ ಹೇಳಿ ಅವರನ್ನು ಇಲ್ಲಿಗೆ ಓಡಿಸಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು, ಮಾಲೀಕ ಹೊರಗಿನಿಂದ ಕೂಗುತ್ತಿದ್ದಾನೆ. ಕೊಡಲಿ ಬಿದ್ದ ಕಿಟಕಿಯನ್ನು ಮತ್ತೆ ಬರೆಯಬೇಕಂತೆ. "ಈ ಸಲ ಅರ್ಧ ತೆರೆದ ಹಾಗೆ ಬರಿ, ಒಳಗೆ ಗಾಳಿ ಆಡೋ ಹಾಗೆ ಕಾಣ್ಲಿ" ಅಂದಿದ್ದಾನೆ.

ನಿನ್ನ ತಮ್ಮ