ಏಳನೆಯ ಬೆಸುಗೆ

ಅಪ್ಪ,

೧. ನೀವು ಬೆಸೆದ ಉಗಿ ಕೊಳವೆಯ ಏಳನೆಯ ಜೋಡಣೆಯನ್ನು ಇಂದು ಕುಯ್ದು ನೋಡಿದೆವು.
೨. ಇಪ್ಪತ್ತಾರು ವರ್ಷಗಳ ಹಿಂದೆ ಅದರೊಳಗೆ ಶಬ್ದದ ಅಲೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ಓದಿ, ಬಿರುಕಿದೆ ಎಂದು ವರದಿ ಬರೆದವನು ನಾನು.
೩. ಬಿರುಕು ಇಲ್ಲ.

ನನ್ನ ವರದಿಯಿಂದಾಗಿ ಕಾರ್ಖಾನೆಯವರು ಆ ಕೊಳವೆಯನ್ನು ಇಷ್ಟು ವರ್ಷ ಅರ್ಧ ಒತ್ತಡದಲ್ಲೇ ಓಡಿಸಿದರು. ಇಂದು ಅದನ್ನು ಕಳಚುವಾಗ, ಆ ಜೋಡಣೆಯನ್ನು ಉದ್ದಕ್ಕೆ ಕುಯ್ಯಿರೆಂದು ನಾನೇ ಕೇಳಿಕೊಂಡೆ. ನಿಮ್ಮೊಡನೆ ದುಡಿದ ಮೇಸ್ತ್ರಿಯವರೇ ಗರಗಸ ಹಿಡಿದರು.

“ಎಲ್ಲಿದ್ಯಪ್ಪಾ ನಿನ್ನ ಬಿರುಕು? ಕನ್ನಡಕ ಒರೆಸ್ಕೊಂಡು ನೋಡು,” ಎಂದರು. “ಬೆಸುಗೆಗೆ ಆಸರೆ ಅಂತ ನಿಮ್ಮಪ್ಪ ಒಳಗೊಂದು ಉಕ್ಕಿನ ಬಳೆ ಕೂರಿಸ್ತಿದ್ರು. ಅದರ ಅಂಚಿಗೆ ಬಡಿದು ವಾಪಸ್ ಬಂದ ಸದ್ದು ನಿನ್ನನ್ನ ಮಂಗ ಮಾಡಿದೆ.”

ಬೆಸುಗೆಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಮನಸ್ಸು ಎಷ್ಟು ಹಗುರವಾಯಿತೆಂದರೆ, ಮೇಸ್ತ್ರಿಯವರ ಜೊತೆ ನಾನೂ ನಕ್ಕೆ. ನಿಮ್ಮ ಕೈ ತಪ್ಪಿರಲಿಲ್ಲ.

ಒಳಗೆ ಬಳೆ ಇದೆಯೇ ಎಂದು ವರದಿ ಬರೆಯುವ ಮೊದಲು ನಿಮ್ಮನ್ನು ಕೇಳಬಹುದಿತ್ತು. ಅಂದೂ ನಾವು ಒಟ್ಟಿಗೇ ಊಟಕ್ಕೆ ಕುಳಿತಿದ್ದೆವು. ಮರುವಾರ ನೀವು ಕೆಲಸ ಬಿಟ್ಟಿರಿ. ಕಾರಣವನ್ನು ನೀವು ಹೇಳಲಿಲ್ಲ. ನೀವು ತೀರಿಕೊಳ್ಳುವವರೆಗೂ ನಾನು ಕೇಳಲಿಲ್ಲ.

ಹಳೆಯ ವರದಿಯನ್ನು ರದ್ದುಪಡಿಸಿ, ತಪ್ಪು ಬೆಸುಗೆಗಾರರದಲ್ಲ, ಪರೀಕ್ಷಕನದು ಎಂದು ಬರೆದು ಸಹಿ ಹಾಕಲು ನಿರ್ಧರಿಸಿದ್ದೇನೆ.